ಶೀ ಮತ್ತು ಹಲಗೆ

ನನ್ನ ಮಾವನವರನ್ನು ಬೀದಿಯವರೆಲ್ಲ ಶೀ ಮಾವ ಅಂತ ಕರೆಯುತ್ತಿದ್ದರು. ಕೊನೆಯ ಹನ್ನೊಂದು ವರ್ಷ ಮಾತ್ರ ಆ ಹೆಸರು ಅಳಿಸಿಹೋಗಿ ಕುರುಡುಗೈ ಮುದುಕ ಅಂತಾಯಿತು. ಮೊದಲನೆಯ ಹೆಸರು ಅವರು ದುಡಿದು ಗಳಿಸಿದ್ದು, ಎರಡನೆಯದು ನನ್ನಿಂದ ಬಂದದ್ದು. ಇದನ್ನು ಮೊದಲಿಗೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಸುತ್ತಿ ಬಳಸಿ ಹೇಳಲು ಕೂತರೆ ಎಲ್ಲಿ ನುಣುಚಿಕೊಳ್ಳುತ್ತೇನೋ ಎಂದು ನನಗೇ ಭಯ. ನುಣುಚಿಕೊಳ್ಳುವುದರಲ್ಲಿ ನನಗೆ ಹನ್ನೊಂದು ವರ್ಷದ ಅನುಭವವಿದೆ. ಮಾವ ತೀರಿಕೊಂಡು ಇದು ಎರಡನೇ ಚಳಿಗಾಲ. ಅವರ ಹೆಸರು ಊರಿನವರ ಬಾಯಲ್ಲಿ ಇನ್ನೂ ಹಾಗೇ ಕೆಟ್ಟು ಕೂತಿದೆ. ಅದನ್ನು ಸರಿಮಾಡಬೇಕು, ಅಷ್ಟೇ.

ಮಾವ ಮರ ಸೀಳುವವರು. ಮನೆಯ ಹಿಂದೆ ತಗಡಿನ ಮಾಡಿನ ಉದ್ದನೆಯ ಶೆಡ್ಡು, ನಡುವೆ ಕಬ್ಬಿಣದ ಒಲೆ, ಒಂದು ಗೋಡೆಗೆ ದಿಮ್ಮಿಗಳು, ಎದುರು ಗೋಡೆಗೆ ಒರಗಿಸಿದ ಹಲಗೆಗಳು. ಅಲ್ಲಿ ತಯಾರಾಗುತ್ತಿದ್ದದ್ದು ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವ, ಮೂತಿ ಮೇಲಕ್ಕೆ ಬಾಗಿದ ಉದ್ದನೆಯ ಪಟ್ಟಿಗಳು. ಲೋಕವೆಲ್ಲ ಅವನ್ನು ಸ್ಕೀ ಅನ್ನುತ್ತದೆ. ಫೈಬರಿನವು ಪೇಟೆಗೆ ಬಂದಿದ್ದರೂ ನಮ್ಮ ಬೆಟ್ಟದ ಮೇಲಿನ ತರಬೇತಿ ಶಾಲೆಯವರು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಮರದ್ದನ್ನೇ ಕೊಡುತ್ತಿದ್ದರು. ಮರದ ಮೇಲೆ ಕಲಿತವರಿಗೆ ಕಾಲು ಮಾತು ಕೇಳುತ್ತದೆ ಅನ್ನುವುದು ಅವರ ನಂಬಿಕೆ. ಆ ನಂಬಿಕೆಯಿಂದ ನಮ್ಮ ಮನೆ ನಡೆಯುತ್ತಿತ್ತು.

ಮಾವನಿಗೆ ಈ ಕೆಲಸ ಕಲಿಸಿದವನು ನಾರ್ವೆಯಿಂದ ಬಂದು ಇಲ್ಲಿ ನೆಲೆಸಿದ್ದ ಒಬ್ಬ ಮುದಿ ಬಡಗಿ. ಆತ ಉಳಿ ಮುಟ್ಟಿಸುವ ಮೊದಲು ಪದ ಕಲಿಸಿದನಂತೆ. ಸ್ಕೀ ಅನ್ನುವುದು ಅವರ ದೇಶದ ಪದ, ಆದರೆ ಅವರ ಬಾಯಲ್ಲಿ ಅದು ಸ್ಕೀ ಅಲ್ಲ, ಶೀ. ನೂರಾರು ವರ್ಷದ ಹಿಂದಿನ ಅವರ ಹಳೆಯ ಭಾಷೆಯಲ್ಲಿ ಆ ಪದಕ್ಕೆ ಸೀಳಿದ ಮರ ಅಂತಲೇ ಅರ್ಥ. ಕಾಲಿಗೆ ಕಟ್ಟುವ ಪಟ್ಟಿಗೂ ಅದೇ ಹೆಸರು, ಒಲೆಗೆ ಹಾಕುವ ಸೀಳು ಸೌದೆಗೂ ಅದೇ ಹೆಸರು. ಮರವನ್ನು ಬೆಣೆ ಹೊಡೆದು ಸೀಳಿದರೆ ಅದು ತನ್ನ ಎಳೆ ಹಿಡಿದುಕೊಂಡೇ ಬಿಚ್ಚಿಕೊಳ್ಳುತ್ತದೆ, ಈ ತುದಿಯಿಂದ ಆ ತುದಿಗೆ ಎಳೆ ತುಂಡಾಗುವುದಿಲ್ಲ. ಗರಗಸಕ್ಕೆ ಎಳೆಯ ಗೊಡವೆಯಿಲ್ಲ, ಅಡ್ಡ ಬಂದದ್ದನ್ನು ಕೊಯ್ದುಕೊಂಡು ನೆಟ್ಟಗೆ ಹೋಗುತ್ತದೆ. ಕೊಯ್ದ ಹಲಗೆ ನೋಡಲು ಚೆಂದ. ಬಗ್ಗಿಸಿದರೆ ಎಳೆ ತುಂಡಾದ ಕಡೆ ಮುರಿಯುತ್ತದೆ. ಹೆಸರಿನಲ್ಲೇ ಮಾಡುವ ಬಗೆ ಇದೆ, ಸೀಳಿದ್ದಾದರೆ ಶೀ, ಕೊಯ್ದದ್ದು ಬರೀ ಹಲಗೆ, ಅಂತ ಆ ಮುದುಕ ಹೇಳಿದ್ದನ್ನು ಮಾವ ನಲವತ್ತು ವರ್ಷ ಪಾಲಿಸಿದರು. ನಮ್ಮ ಸೀಳು ಅನ್ನುವ ಮಾತಿಗೂ ಶೀಗೂ ನೆಂಟಸ್ತನ ಏನೂ ಇಲ್ಲ, ಕಿವಿಗೆ ಮಾತ್ರ ಹತ್ತಿರ. ಆದರೂ ಮಾವನಿಗೆ ಅದರಲ್ಲೊಂದು ಸಂತೋಷವಿತ್ತು.

ಇಷ್ಟೆಲ್ಲ ನನಗೆ ಗೊತ್ತಾದದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಒಂದು ತಿಂಗಳು ಮೊದಲೇ ಯಾರಾದರೂ ಹೇಳಿದ್ದರೆ ನಾನು ಈ ಕಾಗದದ ಮುಂದೆ ಕೂರಬೇಕಾಗಿರಲಿಲ್ಲ. ಯಾರೂ ಹೇಳಲಿಲ್ಲ, ಯಾಕೆಂದರೆ ಆ ಶೆಡ್ಡಿನಲ್ಲಿ ಅದು ಗೊತ್ತಿಲ್ಲದವರು ಅದುವರೆಗೆ ಕಾಲಿಟ್ಟಿರಲಿಲ್ಲ.

ನಾನು ಸೊಸೆಯಾಗಿ ಬಂದದ್ದು ಬಿಸಿಲಿನ ಊರಿನಿಂದ. ನನ್ನ ತವರಿನಲ್ಲಿ ಶೀ ಅಂದರೆ ಏನು ಅಂತ ಮೂರು ವರ್ಷದ ಮಗುವಿಗೂ ಗೊತ್ತು. ತರಕಾರಿ ಬುಟ್ಟಿಯಲ್ಲಿ ಕೊಳೆತದ್ದು ಕೈಗೆ ಸಿಕ್ಕರೆ ನಮ್ಮಮ್ಮ ಶೀ ಅಂದು ತಿಪ್ಪೆಗೆ ಎಸೆಯುತ್ತಿದ್ದಳು. ಮೂಗು ಸೋರಿಸಿಕೊಂಡು ಬಂದರೆ ಶೀ, ಹಾಲು ಒಡೆದರೆ ಶೀ. ಮಾವನ ಮುಖ ನೋಡಿದರೆ ಅದೇ ಶೀ ಗಂಟು ಹಾಕಿಕೊಂಡು ಕೂತಂತಿತ್ತು. ಹುಬ್ಬು ಸದಾ ಗಂಟು, ಮಾತು ದಿನಕ್ಕೆ ಹತ್ತಕ್ಕಿಂತ ಹೆಚ್ಚಿಲ್ಲ, ನಾನು ಮಾಡಿದ ಮೊದಲ ಚಹಾ ಕುಡಿದು ಲೋಟವನ್ನು ಸದ್ದಿಲ್ಲದೆ ದೂರ ತಳ್ಳಿದ ಮನುಷ್ಯ. ಬೀದಿಯವರು ಶೀ ಮಾವ ಅಂದಾಗ ನನಗೆ ನಗು ತಡೆಯಲಾಗಲಿಲ್ಲ. ಎಲ್ಲದಕ್ಕೂ ಮೂಗು ಮುರಿಯುವ ಮನುಷ್ಯನಿಗೆ ಸರಿಯಾದ ಅಡ್ಡಹೆಸರನ್ನೇ ಇಟ್ಟಿದ್ದಾರೆ ಅಂದುಕೊಂಡೆ.

ನಮ್ಮವರು, ಅಂದರೆ ನನ್ನ ಗಂಡ, ಅಪ್ಪನ ಥರ ಅಲ್ಲ. ಮಾತುಗಾರರು, ನಗುಮುಖ, ಗಿರಾಕಿಗಳ ಹತ್ತಿರ ಸ್ಕೀ ಅಂತಲೇ ಅನ್ನುವವರು. ಆ ಶರತ್ಕಾಲದಲ್ಲಿ ಶಾಲೆಯಿಂದ ಎಂದಿಗಿಂತ ಹೆಚ್ಚು ಬೇಡಿಕೆ ಬಂತು. ಸೀಳುವ ಕೆಲಸ ನಿಧಾನದ್ದು, ನೆಟ್ಟಗೆ ಬಿಚ್ಚಿಕೊಳ್ಳುವ ದಿಮ್ಮಿಯೂ ಬೇಕಲ್ಲ. ನಮ್ಮವರು ಅಪ್ಪನನ್ನು ಕೇಳದೆ ಸಾಮಿಲ್ಲಿನಿಂದ ಕೊಯ್ದ ಹಲಗೆ ಒಂದು ಲೋಡು ತರಿಸಿದರು. ಮಾವ ಆ ಲೋಡಿನ ಸುತ್ತ ಒಂದು ಸುತ್ತು ಬಂದು, ಇದನ್ನು ಯಾರ ಕಾಲಿಗೂ ಕಟ್ಟಬೇಡ ಅಂದರು. ಮಗ ನಕ್ಕು, ಉಜ್ಜುಗೊರಡು ಹೊಡೆದ ಮೇಲೆ ಎರಡೂ ಒಂದೇ ಅಪ್ಪ, ನಿಮ್ಮ ಗುರುವಿನ ಕಾಲ ಹೋಯಿತು ಅಂದರು. ಕೊನೆಗೆ ಒಂದು ಒಪ್ಪಂದವಾಯಿತು. ಕೊಯ್ದದ್ದರಲ್ಲೂ ಅದೃಷ್ಟವಶಾತ್ ಎಳೆ ನೆಟ್ಟಗಿರುವ ಒಂದೆರಡು ಇದ್ದೇ ಇರುತ್ತವೆ. ಎಲ್ಲವನ್ನೂ ಒಂದೇ ದಪ್ಪಕ್ಕೆ ಹೊಡೆದು ಬೆರೆಸುವುದು, ಮಾವ ಒಂದೊಂದನ್ನೂ ಪರೀಕ್ಷೆ ಮಾಡುವುದು, ಅವರು ಪಾಸು ಮಾಡಿದ್ದು ಮಾತ್ರ ಮುಂದಕ್ಕೆ, ಉಳಿದದ್ದು ಬೆಂಚಿಗೋ ಒಲೆಗೋ.

ಮಾವನ ಎರಡೂ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಚಳಿಗಾಲ ಮುಗಿಯಲಿ, ಆಪರೇಷನ್ ಮಾಡಿಸೋಣ ಅನ್ನುತ್ತಿದ್ದರು. ಪರೀಕ್ಷೆಗೆ ಅವರಿಗೆ ಕಣ್ಣು ಬೇಕಾಗಿರಲಿಲ್ಲ. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳನ್ನು ಈ ತುದಿಯಿಂದ ಆ ತುದಿಗೆ ಎಳೆಯುವುದು, ಮೊಣಕಾಲಿಗೆ ಒತ್ತಿ ಒಮ್ಮೆ ಬಗ್ಗಿಸುವುದು, ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟುವುದು. ಆಮೇಲೆ ಒಂದೇ ಮಾತು. ಹೇಳಿದ ಮಾತು ಕೇಳಿ ಹಲಗೆಯನ್ನು ಆ ಕಡೆಗೋ ಈ ಕಡೆಗೋ ಇಡುವ ಕೆಲಸ ಮೂವತ್ತು ವರ್ಷದಿಂದ ಮಾವನ ತಮ್ಮನದು. ಆ ವರ್ಷ ಅವರಿಗೆ ಕೆಮ್ಮು ಜೋರಾಗಿ, ಮರದ ಪುಡಿ ಆಗದು ಅಂತ ವೈದ್ಯರು ಹೇಳಿ, ಮಗಳ ಮನೆಗೆ ಹೊರಟುಹೋದರು. ಹೊರಡುವಾಗ ಚಿಕ್ಕಮಾವ ನನಗೆ ಹೇಳಿದ್ದು ಇಷ್ಟೇ: ಒಳ್ಳೆಯದು ಬಲಗಡೆ ಗೂಡಿಗೆ, ಬೇಡದ್ದು ಎಡಗಡೆ ಗೂಡಿಗೆ, ಅಣ್ಣ ಹೇಳ್ತಾನೆ, ನೀನು ಇಡು. ಅಣ್ಣ ಏನು ಹೇಳುತ್ತಾನೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ಹಲಗೆ ಮಾವನ ತೊಡೆಯ ಮೇಲೆ ಬಂತು. ಹೆಬ್ಬೆರಳು ನಿಧಾನವಾಗಿ ಹೋಯಿತು, ಮೊಣಕಾಲು ಒತ್ತಿತು, ಕಿವಿ ಕೇಳಿತು. ಮಾವ ಬೆನ್ನು ತಿರುಗಿಸಿಕೊಂಡೇ ಸಣ್ಣ ದನಿಯಲ್ಲಿ ಶೀ ಅಂದರು. ನಾನು ಅದನ್ನು ಎತ್ತಿಕೊಂಡು ಹೋಗಿ ಎಡಗಡೆ ಗೂಡಿಗೆ ಹಾಕಿದೆ. ಎರಡನೆಯದಕ್ಕೆ ಹಲಗೆ ಅಂದರು. ಪರವಾಗಿಲ್ಲ, ಇದು ಹಲಗೆ ಅನ್ನಿಸಿಕೊಳ್ಳುವಷ್ಟಾದರೂ ಇದೆ ಅಂದುಕೊಂಡು ಬಲಗಡೆ ಇಟ್ಟೆ. ಮೂರನೆಯದು ಶೀ, ನಾಲ್ಕನೆಯದೂ ಶೀ. ಎಂಥ ಕಟ್ಟುನಿಟ್ಟು ಅನ್ನಿಸಿ ಅವರ ಮೇಲೆ ನನಗೆ ಮೊದಲ ಬಾರಿಗೆ ಗೌರವ ಬಂತು. ಎರಡು ಬೆಳಿಗ್ಗೆ ಕೂತು ಐವತ್ತೆಂಟು ಹಲಗೆ ಮುಗಿಸಿದೆವು. ಮೂವತ್ತು ಎಡಕ್ಕೆ, ಇಪ್ಪತ್ತೆಂಟು ಬಲಕ್ಕೆ. ಒಂದೂ ತಪ್ಪಲಿಲ್ಲ, ಅಂದರೆ ಒಂದನ್ನೂ ಸರಿಯಾದ ಕಡೆ ಇಡಲಿಲ್ಲ.

ಬಲಗಡೆಯವನ್ನು ನಮ್ಮವರು ಹಬೆಯ ಪೆಟ್ಟಿಗೆಗೆ ಹಾಕಿ ಮೂತಿ ಬಗ್ಗಿಸತೊಡಗಿದರು. ಮೂರನೇ ದಿನ ಒಂದು ಹಲಗೆ ಅಚ್ಚಿನಲ್ಲೇ ಚಟ್ಟೆಂದು ಬಿರಿಯಿತು. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು. ಹಬೆ ಸಾಲದು ಅಂತ ನಮ್ಮವರು ಒಲೆಗೆ ಇನ್ನಷ್ಟು ಸೌದೆ ತುಂಬಿಸಿದರು. ಆ ಸೌದೆ ನಾನು ಕಡಿದು ಕೊಟ್ಟದ್ದು, ಎಡಗಡೆ ಗೂಡಿನದು. ಬೇಡವಾದ ಹಲಗೆ ಎಷ್ಟು ಸಲೀಸಾಗಿ ಸೀಳಿಕೊಳ್ಳುತ್ತಿತ್ತು ಅಂದರೆ, ಕೊಡಲಿಯ ಒಂದೇ ಏಟಿಗೆ ಈ ತುದಿಯಿಂದ ಆ ತುದಿವರೆಗೆ ದಾರ ಹಿಡಿದಂತೆ ಬಿಚ್ಚಿಕೊಳ್ಳುತ್ತಿತ್ತು. ನನ್ನ ಕೈಚಳಕಕ್ಕೆ ನಾನೇ ಬೀಗಿದೆ. ಊಟದ ಹೊತ್ತಿನಲ್ಲಿ ಮಾವ ಎಷ್ಟು ಬಿರಿದವು ಅಂತ ಕೇಳಿದರು. ಎರಡು ಅಂದರು ಮಗ. ಮಾವ ಚಮಚ ಕೆಳಗಿಟ್ಟು, ಎರಡು ಯಾಕೆ ಬಿರಿದವು ಅಂತ ತಮ್ಮಷ್ಟಕ್ಕೆ ಅಂದುಕೊಂಡರು. ಅವರ ಲೆಕ್ಕದಲ್ಲಿ ಒಂದೂ ಬಿರಿಯಬಾರದಿತ್ತು. ಆ ಮಾತು ಅಲ್ಲಿಗೇ ನಿಂತಿತು, ಎದ್ದು ಹೋಗಿ ಅವರು ಮುಟ್ಟಿ ನೋಡಲಿಲ್ಲ. ಮಗ ನೊಂದುಕೊಳ್ಳುತ್ತಾನೆ ಅಂತ ಸುಮ್ಮನಿದ್ದೆ ಅಂತ ಆಮೇಲೆ ನನ್ನ ಹತ್ತಿರ ಹೇಳಿಕೊಂಡರು.

ಉಳಿದ ಇಪ್ಪತ್ತಾರಕ್ಕೆ, ಅಂದರೆ ಹದಿಮೂರು ಜೊತೆಗೆ, ಕಪ್ಪು ಟಾರು ಬಳಿದು ಬಿಸಿ ಕಾಯಿಸಿ ಉಜ್ಜಿದೆವು. ಟಾರು ಹತ್ತಿದ ಮೇಲೆ ಎಳೆ ಗಿಳೆ ಏನೂ ಕಾಣುವುದಿಲ್ಲ, ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಹೊಳೆಯುತ್ತವೆ. ನಮ್ಮ ಅಂಗಡಿಗೆ ಒಂದು ಪದ್ಧತಿಯಿತ್ತು. ಸಾಮಾನು ಒಪ್ಪಿಸಲು ಬೆಟ್ಟದ ಮೇಲಿನ ಶಾಲೆಗೆ ಲಾರಿಯಲ್ಲಿ ಹೋದವರು, ಬರುವಾಗ ಆ ರಾಶಿಯಲ್ಲಿ ಶಾಲೆಯವರು ಆರಿಸಿಕೊಟ್ಟ ಒಂದು ಜೊತೆಯನ್ನು ಕಾಲಿಗೆ ಕಟ್ಟಿಕೊಂಡು, ಅವರ ಕಣ್ಣೆದುರೇ ಉದ್ದನೆಯ ಇಳಿಜಾರಿನಲ್ಲಿ ಇಳಿದು ಮನೆಗೆ ಬರಬೇಕು. ಮಾಡಿದವನೇ ಹಾಕಿಕೊಳ್ಳಲಾರದ್ದನ್ನು ಮಾರಬಾರದು ಅಂತ ಮಾವನೇ ತಂದ ಪದ್ಧತಿ. ಇಳಿಜಾರು ನಮ್ಮ ಬೀದಿ ಮುಗಿಯುವಲ್ಲಿಗೆ ಬಂದು ಮುಗಿಯುತ್ತದೆ. ಆ ದಿನ ಬೆಳಿಗ್ಗೆ ನಮ್ಮವರು ಲಾರಿ ಹತ್ತುವಾಗ, ಮಧ್ಯಾಹ್ನದ ಊಟಕ್ಕೆ ಬರುತ್ತೇನೆ, ಬಿಸಿಯಾಗಿ ಏನಾದರೂ ಮಾಡಿಡು ಅಂದರು. ಆಕಾಶ ತೊಳೆದಿಟ್ಟ ಹಾಗಿತ್ತು, ಗಾಳಿಯಿರಲಿಲ್ಲ, ಹಿಂದಿನ ವಾರದ ಹಿಮ ಗಟ್ಟಿಯಾಗಿ ಕಲ್ಲಿನಂತಾಗಿತ್ತು.

ಹನ್ನೆರಡರ ಸುಮಾರಿಗೆ ಮಾವ ಶೆಡ್ಡಿನ ಒಲೆಗೆ ಸೌದೆ ಹಾಕಲು ಕೂತರು. ನಾನು ನೆಲ ಗುಡಿಸುತ್ತಿದ್ದೆ. ಸೌದೆಯ ಪೆಟ್ಟಿಗೆಯಿಂದ ಒಂದು ತುಂಡು ತೆಗೆದವರ ಕೈ ನಿಂತುಬಿಟ್ಟಿತು. ಹೆಬ್ಬೆರಳು ತುಂಡಿನ ಉದ್ದಕ್ಕೂ ಹೋಯಿತು, ತಿರುಗಿ ಬಂತು. ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದರು, ಮತ್ತೊಂದು ತೆಗೆದರು. ಒಲೆಯ ಬಾಯಿ ತೆರೆದೇ ಇತ್ತು.

"ಇದನ್ನ ಯಾರು ಕಡಿದಿದ್ದು?" ಅಂದರು.

"ನಾನೇ ಮಾವ."

"ಎಲ್ಲಿಂದ ತಂದೆ?"

"ಎಡಗಡೆ ಗೂಡಿಂದು. ನೀವು ಬೇಡ ಅಂದಿದ್ದು. ನೀವೇ ಶೀ ಅಂದ್ರಲ್ಲ."

ಮಾವ ನನ್ನನ್ನೇ ನೋಡುತ್ತಾ ಕೂತರು. ಪೊರೆ ಬಂದ ಕಣ್ಣಿಗೆ ನಾನು ಎಷ್ಟು ಕಂಡೆನೋ ಗೊತ್ತಿಲ್ಲ. ಬೈಯಲಿಲ್ಲ, ದನಿ ಏರಿಸಲೂ ಇಲ್ಲ. ಆ ಹತ್ತು ಮಾತಿನ ಮನುಷ್ಯ ಅಂದು ನನಗೆ ಹೇಳಿದ್ದು ಇಷ್ಟು: "ಶೀ ಅಂದ್ರೆ ಒಳ್ಳೇದು ಕಣಮ್ಮ."

ಅರ್ಥವಾಗಲು ನನಗೆ ಒಂದು ಗಳಿಗೆ ಬೇಕಾಯಿತು. ಮಾವ ಆಗಲೇ ಮನೆಯೊಳಗೆ ಫೋನಿನ ಹತ್ತಿರ ಹೋಗಿದ್ದರು. ನಂಬರು ಕಾಣದೆ ನನ್ನನ್ನು ಕೂಗಿದರು, ನಾನು ಎರಡು ಸಲ ತಪ್ಪು ಒತ್ತಿದೆ. ಶಾಲೆಯ ಗುಮಾಸ್ತರು ಎತ್ತಿಕೊಂಡು, ನಿಮ್ಮ ಮಗ ಈಗಷ್ಟೇ ಹೊರಟರು, ಎರಡು ನಿಮಿಷ ಆಗಿರಬಹುದು, ಎಲ್ಲರೂ ನಿಂತು ನೋಡುತ್ತಿದ್ದೇವೆ ಅಂತ ಖುಷಿಯಾಗಿ ಹೇಳಿದರು. ಮಾವ ತೀರ ಸ್ಪಷ್ಟವಾಗಿ, ಉಳಿದ ಹನ್ನೆರಡು ಜೊತೆಯನ್ನು ಕೋಣೆಯಲ್ಲಿಟ್ಟು ಬೀಗ ಹಾಕಿ, ಯಾರೂ ಕಾಲಿಗೆ ಕಟ್ಟಬಾರದು, ತಪ್ಪು ನಮ್ಮದು ಅಂದರು. ಮಗನ ಪ್ರಾಣ ತೂಗುತ್ತಿರುವಾಗ ಊರಿನವರ ಮಕ್ಕಳ ಕಾಲು ನೆನಪಾಯಿತಲ್ಲ ಆ ಮುದುಕರಿಗೆ! ಇವರನ್ನು ಕುರುಡುಗೈ ಅಂದವರ ಮೇಲೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆದರೆ ಅವರ ಬಾಯಿಗೆ ಆ ಮಾತು ಕೊಟ್ಟವಳು ನಾನೇ.

ಇಬ್ಬರೂ ಬೀದಿಯ ಕೊನೆಗೆ ಓಡಿದೆವು. ಓಡಿದೆವು ಅನ್ನುವುದು ಹೆಸರಿಗೆ, ಗಟ್ಟಿ ಹಿಮದ ಮೇಲೆ ಮಾವ ನನ್ನ ಭುಜ ಹಿಡಿದುಕೊಂಡು ಬಂದರು. ಇಳಿಜಾರು ಬೆಳ್ಳಗೆ ಖಾಲಿಯಾಗಿ ಮೇಲಕ್ಕೆ ಹೋಗಿತ್ತು. ಬಹಳ ಮೇಲೆ ಒಂದು ಕಪ್ಪು ಚುಕ್ಕಿ ಎಡಕ್ಕೆ ವಾಲಿ, ಬಲಕ್ಕೆ ವಾಲಿ ಇಳಿಯುತ್ತಿತ್ತು. ನಮ್ಮವರು ಇಳಿಯುವ ಬಗೆಯೇ ಹಾಗೆ, ಹಾಡಿಕೊಂಡು ಬರುವವರ ಹಾಗೆ. ನಾನು ಎರಡೂ ಕೈ ಎತ್ತಿ ಆಡಿಸಿದೆ, ಕೂಗಿದೆ. ಅವರು ನನ್ನನ್ನು ನೋಡಿರಬೇಕು. ಸ್ವಾಗತಕ್ಕೆ ಬಂದಿದ್ದಾಳೆ ಅಂದುಕೊಂಡು ಒಂದು ಕೈ ಎತ್ತಿ ವೇಗ ಹೆಚ್ಚಿಸಿದರು. ಎಲ್ಲಿದ್ದಾನೆ ಅಂತ ಮಾವ ಕೇಳುತ್ತಲೇ ಇದ್ದರು, ಬಂಡೆಯ ಹತ್ತಿರ, ಬೇಲಿಯ ಹತ್ತಿರ ಅಂತ ನಾನು ಹೇಳುತ್ತಲೇ ಇದ್ದೆ. ಬೇಲಿಯ ಕೆಳಗೆ ಒಂದು ಉಬ್ಬು ಇದೆ, ಅಲ್ಲಿ ಹಾರಿ ಇಳಿಯಬೇಕು.

ಸದ್ದು ಮೊದಲು ಕೇಳಿಸಿದ್ದು ಮಾವನಿಗೆ. ನನ್ನ ಭುಜದ ಮೇಲಿನ ಕೈ ಬಿಗಿಯಾಯಿತು. ಒಲೆಗೆ ಹಾಕಲು ಪುಳ್ಳೆ ಮುರಿಯುತ್ತೇವಲ್ಲ, ಅಂಥ ಒಂದು ಸಣ್ಣ ಸದ್ದು. ಕಪ್ಪು ಚುಕ್ಕಿ ಎರಡಾಯಿತು. ಒಂದು ಕೆಳಗೆ ಉರುಳಿತು, ಇನ್ನೊಂದು ಅಲ್ಲೇ ಹಿಮಕ್ಕೆ ನೆಟ್ಟಗೆ ಚುಚ್ಚಿಕೊಂಡು ನಿಂತಿತು. ನಾವು ಹತ್ತಿ ಹೋಗಿ ಮುಟ್ಟುವ ಹೊತ್ತಿಗೆ ನಮ್ಮವರಿಗೆ ಎಚ್ಚರವಿತ್ತು. ಮುರಿದ ತುದಿ ಬಲದ ತೊಡೆಯೊಳಕ್ಕೆ ಹೋಗಿತ್ತು, ಮೊಣಕಾಲು ಇರಬೇಕಾದ ದಿಕ್ಕಿಗೆ ಇರಲಿಲ್ಲ. ಮಾವ ಹಿಮದಲ್ಲಿ ಮಂಡಿಯೂರಿ ಮೊದಲು ಮಗನ ತಲೆ ಸವರಿದರು.

ಜೀವ ಉಳಿಯಿತು. ಮೂರು ಆಪರೇಷನ್ ಆದವು, ಕಾಲು ಉಳಿದರೂ ಮಡಿಸಲು ಬರದಂತಾಯಿತು. ಬೇಲಿ, ಬಂಡೆ, ಇಳಿಜಾರು ಅವರಿಗೆ ಅಂದಿಗೇ ಮುಗಿಯಿತು. ಪ್ರಜ್ಞೆ ತಿಳಿಯಾದ ಮೇಲೆ ನಾಲ್ಕನೇ ದಿನ ನಮ್ಮವರು ಅಪ್ಪನನ್ನು ಕರೆಸಿಕೊಂಡು, ಆ ಹಲಗೆಯನ್ನು ನೀವೇ ಮುಟ್ಟಿ ನೋಡಿದ್ದಾ ಅಂತ ಕೇಳಿದರು. ನಾನು ಮಂಚದ ಈ ಬದಿಗೆ ಫ್ಲಾಸ್ಕು ಹಿಡಿದುಕೊಂಡು ನಿಂತಿದ್ದೆ. ಹೇಳಬೇಕು ಅಂತ ಬಾಯಿ ತೆರೆದಿದ್ದೆ, ಅದು ಮಾತ್ರ ಸುಳ್ಳಲ್ಲ.

"ನಾನೇ ನೋಡಿದ್ದು. ನಾನೇ ಪಾಸು ಮಾಡಿದ್ದು," ಅಂದರು ಮಾವ. "ಕಣ್ಣು ಹೋಗಿತ್ತು, ಕೈಯೂ ಹೋಗಿದೆ ಅಂತ ಗೊತ್ತಾಗಲಿಲ್ಲ ಕಣೋ."

ಸಾಮಿಲ್ಲಿನ ಹಲಗೆ ತರಿಸಿದವನು ನೀನೇ ಅಲ್ಲವೇ ಅಂತ ಅವರು ಕೇಳಬಹುದಿತ್ತು, ಕೇಳಲಿಲ್ಲ. ನಮ್ಮವರು ಗೋಡೆಯ ಕಡೆ ಮುಖ ತಿರುಗಿಸಿದರು. ಅಲ್ಲಿಂದ ಹನ್ನೊಂದು ವರ್ಷ ಆ ಮುಖ ಅಪ್ಪನ ಕಡೆಗೆ ತಿರುಗಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂರಿಸಿಕೊಂಡು ಮಾವ ನನಗೆ ಆ ಪದದ ಕಥೆಯನ್ನೆಲ್ಲ ಹೇಳಿದರು, ನಾರ್ವೆಯ ಮುದುಕನಿಂದ ಹಿಡಿದು. ನನ್ನ ಅಳು ನಿಲ್ಲಿಸಲು ಹೇಳಿದ್ದೋ, ನಲವತ್ತು ವರ್ಷದ ಮೇಲೆ ಯಾರಿಗಾದರೂ ಹೇಳಬೇಕು ಅನ್ನಿಸಿತ್ತೋ ಗೊತ್ತಿಲ್ಲ. ನಾನೇ ಒಳಗೆ ಹೋಗಿ ಹೇಳಿಬಿಡುತ್ತೇನೆ ಅಂದಾಗ ತಡೆದರು. "ನಿಮ್ಮ ಮದುವೆ ಆಗಿ ಇನ್ನೂ ನಾಲ್ಕು ತಿಂಗಳು. ನನ್ನ ಹತ್ರ ಮಾತು ಬಿಟ್ರೆ ಒಬ್ಬ ಮುದುಕ ಸುಮ್ಮನಿರ್ತಾನೆ, ಅಷ್ಟೇ. ನಿನ್ನ ಹತ್ರ ಬಿಟ್ರೆ ಮನೆಯೇ ಇರಲ್ಲ. ಸ್ವಲ್ಪ ದಿನ ಹೋಗ್ಲಿ, ಅವನ ಸಿಟ್ಟು ಇಳೀಲಿ, ಆಮೇಲೆ ನೋಡೋಣ," ಅಂದರು. ನನಗೆ ಎಷ್ಟು ಹಾಯೆನಿಸಿತು ಅಂತ ಬರೆಯಲು ನಾಚಿಕೆಯಾಗುತ್ತದೆ.

ಸ್ವಲ್ಪ ದಿನ ಹೋಯಿತು, ಸಿಟ್ಟು ಇಳಿಯಲಿಲ್ಲ. ಶಾಲೆಯವರು ಫೈಬರಿಗೆ ಬದಲಾದರು. ಮಾವ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಲೋಕವನ್ನು ಮತ್ತೆ ಚೆನ್ನಾಗಿ ನೋಡತೊಡಗಿದರು. ಆ ಹೊತ್ತಿಗೆ ಅವರ ಕೈಗೆ ಹಲಗೆ ಕೊಡುವವರೇ ಇರಲಿಲ್ಲ. ಬೀದಿಯವರಿಗೆ ಸೌದೆ ಸೀಳಿಕೊಟ್ಟುಕೊಂಡು ಇದ್ದರು. ಇದಕ್ಕೂ ಅದೇ ಹೆಸರು ತಾನೆ ಅಂತ ಒಮ್ಮೆ ನನ್ನ ಹತ್ತಿರ ನಗೆಯಾಡಿದರು, ನನಗೆ ನಗು ಬರಲಿಲ್ಲ. ನಮ್ಮವರು ಶೆಡ್ಡಿನ ಅರ್ಧದಲ್ಲಿ ಕುರ್ಚಿ ಮೇಜು ಮಾಡುವ ಕೆಲಸ ಹಿಡಿದರು. ಒಂದೇ ಸೂರಿನ ಕೆಳಗೆ ಅಪ್ಪ ಮಗ ಬೆನ್ನು ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ನಮಗೆ ಮಗಳು ಹುಟ್ಟಿದಳು. ಅವಳಿಗೆ ಮಾತು ಬಂದ ಮೇಲೆ, ತಾತನಿಗೆ ಬೆಣೆ ಕೊಡು ಅನ್ನು, ತಾತನಿಗೆ ಬಾಗಿಲು ಹಾಕು ಅನ್ನು, ಅಂತ ಮಗುವಿನ ಬಾಯಲ್ಲೇ ವ್ಯವಹಾರ ನಡೆಯುತ್ತಿತ್ತು. ಅದು ತಪ್ಪು ಅಂತ ಅವಳಿಗೆ ಬಹಳ ದಿನ ಗೊತ್ತೇ ಇರಲಿಲ್ಲ, ಎಲ್ಲರ ಮನೆಯಲ್ಲೂ ಹೀಗೇ ಅಂದುಕೊಂಡಿದ್ದಳು.

ನಾನು ಮಾತ್ರ ಪ್ರತಿ ಚಳಿಗಾಲ ಶುರುವಾದಾಗಲೂ ಈ ಸಲ ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ. ಮಗು ಚಿಕ್ಕದು, ಇವರಿಗೆ ಕಾಲು ನೋವು ಜಾಸ್ತಿ, ಮನೆಗೆ ನೆಂಟರು ಬಂದಿದ್ದಾರೆ, ನೆವ ಒಂದಲ್ಲ ಒಂದು ಸಿಗುತ್ತಿತ್ತು. ಮೊದಮೊದಲು ಬಾಯಿ ಕಟ್ಟಿದ್ದು ಹೆದರಿಕೆ. ಆಮೇಲಾಮೇಲೆ ಸುಮ್ಮನಿರುವುದು ಅಭ್ಯಾಸವಾಯಿತು, ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಮಾವ ನೆನಪಿಸಲಿಲ್ಲ. ನಾನು ಅವರ ತಟ್ಟೆಗೆ ಒಂದು ತುತ್ತು ಹೆಚ್ಚಿಗೆ ಹಾಕುತ್ತಿದ್ದೆ, ಅವರ ಅಂಗಿಯನ್ನು ಎಲ್ಲರದಕ್ಕಿಂತ ಮೊದಲು ಇಸ್ತ್ರಿ ಮಾಡುತ್ತಿದ್ದೆ. ಎಂಥ ಸೊಸೆ ಅಂತ ಬೀದಿಯವರು ಹೊಗಳುತ್ತಿದ್ದರು.

ಹೋದ ವರ್ಷ ಚಳಿಗಾಲದ ಆರಂಭದಲ್ಲಿ ಮಾವ ಹಾಸಿಗೆ ಹಿಡಿದರು. ಶ್ವಾಸಕೋಶ ಕೈಕೊಟ್ಟಿತ್ತು. ಒಂಬತ್ತು ದಿನ ಮಲಗಿದ್ದರು. ಕೊನೆಯ ಎರಡು ದಿನ ಮಗನ ಹೆಸರು ಹಿಡಿದು ಕರೆದರು, ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ. ನಮ್ಮವರು ಕೋಣೆಯ ಬಾಗಿಲವರೆಗೆ ಬಂದು, ಹೊಸಿಲಿನಾಚೆ ಕೋಲೂರಿಕೊಂಡು ನಿಂತು, ಒಳಗೆ ಕಾಲಿಡದೆ ಹಿಂದಕ್ಕೆ ಹೋದರು. ನಾನು ಒಳಗಿದ್ದೆ, ಮಾವನ ಬಾಯಿಗೆ ನೀರು ಬಿಡುತ್ತಿದ್ದೆ. ಎದ್ದು ಮೂರು ಹೆಜ್ಜೆ ಹೋಗಿ ಅವರ ತೋಳು ಹಿಡಿದು ಹೇಳಿದ್ದರೆ ಸಾಕಿತ್ತು. ನಾನು ಚಮಚದಲ್ಲಿ ನೀರು ಬಿಡುತ್ತಲೇ ಕೂತೆ. ಮಾರನೇ ದಿನ ಮಧ್ಯಾಹ್ನ ಮಾವ ಹೋದರು.

ಮಣ್ಣು ಮಾಡಿ ಬಂದ ದಿನ ಸಂಜೆ, ಪಕ್ಕದ ಮನೆಯವರು ಸಮಾಧಾನ ಹೇಳಲು ಬಂದವರು, ಏನೇ ಆಗಲಿ ಹೆತ್ತ ಅಪ್ಪ, ಬೇಕು ಅಂತ ನಿನ್ನ ಕಾಲು ತೆಗೆದರೇನು ಅಂದರು. ನಮ್ಮವರು ತಲೆಯಾಡಿಸಿದರು. ಬಂದವರು ಹೋದ ಮೇಲೆ ನಾನು ಮೇಜಿನ ಎದುರು ಕೂತು ಎಲ್ಲವನ್ನೂ ಹೇಳಿದೆ. ಎಡಗಡೆ ಗೂಡು, ಬಲಗಡೆ ಗೂಡು, ಒಲೆಯ ಮುಂದಿನ ಮಾತು, ಆಸ್ಪತ್ರೆಯ ಬೆಂಚು. ಯಾವುದನ್ನೂ ಮುಚ್ಚಿಡಲಿಲ್ಲ. ಇವರು ಸಿಡಿದು ಬೀಳುತ್ತಾರೆ, ಕೋಲು ಎತ್ತುತ್ತಾರೆ, ನಿನ್ನಿಂದ ನನ್ನ ಬದುಕು ಹಾಳಾಯಿತು ಅನ್ನುತ್ತಾರೆ ಅಂತ ನಾನು ಎಲ್ಲದಕ್ಕೂ ಸಿದ್ಧವಾಗಿದ್ದೆ. ಕಾಲಿನ ಬಗ್ಗೆ ಅವರು ಒಂದೇ ಒಂದು ಮಾತೂ ಆಡಲಿಲ್ಲ.

"ಮೊನ್ನೆ ಅಪ್ಪ ನನ್ನ ಕರೀತಾ ಇದ್ದಾಗ ನೀನು ಒಳಗೇ ಇದ್ದೆಯಲ್ಲ," ಅಂದರು. "ಆಗ ಯಾಕೆ ಹೇಳಲಿಲ್ಲ?"

ನಾನು ಮೇಜಿನ ಮೇಲಿನ ನೀರಿನ ಲೋಟವನ್ನು ಅವರ ಕಡೆ ಸರಿಸಿದೆ. ಇವರು ಎದ್ದು, ಅಪ್ಪನ ಕೋಣೆಗೆ ಹೋಗಿ, ಖಾಲಿ ಹಾಸಿಗೆಯ ಪಕ್ಕ ಕೂತರು. ಆ ಪ್ರಶ್ನೆಯೇ ಅವರು ನನಗೆ ಆಡಿದ ಕೊನೆಯ ಮಾತು. ಅಂದಿನಿಂದ ಅವರು ಅದೇ ಕೋಣೆಯಲ್ಲಿ ಮಲಗುತ್ತಾರೆ, ಏನಾದರೂ ಬೇಕಿದ್ದರೆ ಮಗಳ ಹತ್ತಿರ ಹೇಳಿಕಳಿಸುತ್ತಾರೆ. ಅವಳು ಈಗ ದೊಡ್ಡವಳು. ಅಮ್ಮನಿಗೆ ಹೇಳು ಅಂದಾಗ ನನ್ನ ಹತ್ತಿರ ಬಂದು, ಅಪ್ಪ ಹೇಳಿದ್ದನ್ನು ಹೇಳಿ, ಯಾಕೆ ಅಂತ ಕೇಳದೆ ಹೋಗುತ್ತಾಳೆ.